ಕೆಟ್ಟ ಕಣ್ಣಿನ ಮಾವ್ಶಿ

ಮಾವ್ಶಿಯ ಮೂಗು ಉದ್ದ, ತುದಿ ಸ್ವಲ್ಪ ಎಡಕ್ಕೆ ವಾಲಿದ್ದು, ಅದಕ್ಕೆ ಪುರುಸೊತ್ತೆಂಬುದೇ ಇರಲಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸಿದ ಕೂಡಲೇ ಮೂಸುವುದು, ಅಂಗಡಿಯ ತೆಂಗಿನೆಣ್ಣೆ ಮೂಸುವುದು, ಇಗರ್ಜಿಯಿಂದ ಬಾಟಲಿಯಲ್ಲಿ ತಂದ ಪವಿತ್ರ ಜಲವನ್ನೂ ಮೂಸಿಯೇ ಒಳಗಿಡುವುದು. ಉಚ್ಚಿಲದ ಮೀನಿನವಳು ಬುಟ್ಟಿ ಇಳಿಸಿದರೆ ಮಾವ್ಶಿ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಬಂಗುಡೆಯ ಕಿವಿರು ಎತ್ತಿ, ಮೂಗಿನ ಹತ್ತಿರ ತಂದು, ಆಮೇಲೆ ಅವಳ ಮುಖ ನೋಡುತ್ತಿದ್ದರು.

“ಇವತ್ತಿನದ್ದೇ ಬಾಯಮ್ಮ. ಸಂಶಯ ಉಂಟಾದರೆ ಸಮುದ್ರವನ್ನೇ ಕೇಳಿ.”

“ಸಮುದ್ರವನ್ನು ನಂಬುತ್ತೇನೆ ಮಾರಾಯ್ತಿ. ನಿನ್ನ ಐಸ್ ಪೆಟ್ಟಿಗೆಯನ್ನು ನಂಬುವುದು ಹೇಗೆ?”

ನಾನು ಕಾರ್ಕಳದಿಂದ ಮದುವೆಯಾಗಿ ಕಾಪುವಿನ ಒಳಗಿನ ಈ ಊರಿಗೆ ಬಂದಾಗ ಮಾವ್ಶಿ ನಮ್ಮ ಪಕ್ಕದ ಮನೆಯ ವಿಧವೆ. ರಕ್ತಸಂಬಂಧ ಏನೂ ಇಲ್ಲ. ಕೊಂಕಣಿಯಲ್ಲಿ ಚಿಕ್ಕಮ್ಮನಿಗೆ ಮಾವ್ಶಿ ಅನ್ನುತ್ತೇವೆ, ವಾಳೆಯ, ಎಂದರೆ ಇಗರ್ಜಿಯ ನಮ್ಮ ವಾರ್ಡಿನ, ಎಲ್ಲರಿಗೂ ಅವರು ಮಾವ್ಶಿಯೇ. ಇಷ್ಟೊಂದು ಸಂಶಯದ ಹೆಂಗಸಿನ ಹತ್ತಿರ ಜನ ಹೋಗುತ್ತಿದ್ದದ್ದು ಮಾತ್ರ ದೃಷ್ಟಿ ತೆಗೆಸಿಕೊಳ್ಳಲಿಕ್ಕೆ. ಮುಷ್ಟಿ ತುಂಬ ಕಲ್ಲುಪ್ಪು, ಒಣಮೆಣಸು ಹಿಡಿದು ತಲೆಯ ಸುತ್ತ ಇಳಿಸುತ್ತಾ ‘ಪರಲೋಕದಲ್ಲಿರುವ ತಂದೆ’ಯ ಪ್ರಾರ್ಥನೆ ಹೇಳುವರು. ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ಅವರ ಬಾಯಿ ನಿಲ್ಲುತ್ತಿತ್ತು. ಆ ಸಾಲನ್ನು ಕೂತವರೇ ಹೇಳಬೇಕು. ಹೇಳಿದ ಮೇಲೆ ಮುಷ್ಟಿಯಲ್ಲಿದ್ದದ್ದು ಬಚ್ಚಲ ಒಲೆಗೆ. ಮೆಣಸು ಸುಟ್ಟರೂ ಘಾಟು ಬರದಿದ್ದರೆ ಯಾರದ್ದೋ ಕಣ್ಣು ಬಿದ್ದಿದೆ ಎಂದು ಲೆಕ್ಕ.

ಫಾದರ್ ಇಗರ್ಜಿಯ ಪ್ರಸಂಗದಲ್ಲಿ ಇದನ್ನು ಮೂಢನಂಬಿಕೆ ಎಂದು ಬೈದಿದ್ದರು. “ಮೆಣಸು ಮೂಢನಂಬಿಕೆ ಇರಬಹುದು. ಪ್ರಾರ್ಥನೆ ಅವರು ಕಲಿಸಿದ್ದೇ ಅಲ್ವಾ?” ಎಂದು ಮಾವ್ಶಿ ಅಂಗಳದಲ್ಲೇ ಜೋರಾಗಿ ಕೇಳಿದ್ದರು. ನನಗೆ ಅವರ ಪ್ರಾರ್ಥನೆಯ ಮೇಲೂ ಭರವಸೆ ಇರಲಿಲ್ಲ, ಮೆಣಸಿನ ಮೇಲೂ ಇರಲಿಲ್ಲ. ಆದರೂ ಒಂದು ದಿನ ಹೋದೆ.

ಐದು ತಿಂಗಳ ಬಸುರು ಹೋಗಿತ್ತು. ಮಣಿಪಾಲದಲ್ಲಿ ಡಾಕ್ಟರು, “ಕೆಲವೊಮ್ಮೆ ಕಾರಣ ಗೊತ್ತಾಗುವುದಿಲ್ಲಮ್ಮ,” ಎಂದರು. ಗೊತ್ತಾಗುವುದಿಲ್ಲ ಎಂದರೆ ಎಂತ? ನನಗೆ ಗೊತ್ತಿತ್ತು. ಒಂದೇ ಸೂರಿನಡಿ ಇದ್ದ ಓರಗಿತ್ತಿ, ನಾನು ಅಕ್ಕ ಎಂದು ಕರೆಯುವವಳು, ಮಕ್ಕಳಿಲ್ಲದವಳು, ಹಿಂದಿನ ದಿನವಷ್ಟೇ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು “ಎಷ್ಟು ಚಂದ ಬಂದಿದೆ!” ಎಂದಿದ್ದಳು. ಆಮೇಲೆ ಅವಳು ಮಾಡಿಕೊಟ್ಟ ಗಂಜಿಯನ್ನು ಕದ್ದು ಹಿತ್ತಲಿಗೆ ಚೆಲ್ಲಿದೆ. ಸಂಜೆಯ ತೇರ್ಸಿಗೆ, ಎಂದರೆ ಜಪಸರಕ್ಕೆ, ಎಲ್ಲರೊಟ್ಟಿಗೆ ಮೊಣಕಾಲೂರಿದರೂ ಬರೇ ತುಟಿ ಅಲ್ಲಾಡಿಸುತ್ತಿದ್ದೆ. ದೇವರನ್ನು ಸಂಶಯಪಡಲು ಧೈರ್ಯ ಸಾಲದೆ ಅಕ್ಕನನ್ನು ಹಿಡಿದುಕೊಂಡೆನೋ ಏನೋ. ಮಾವ್ಶಿಯ ಬಾಯಿಂದ ಅವಳ ಹೆಸರು ಬಂದದ್ದೇ ಹೌದಾದರೆ ಬೇರೆ ಮನೆ ಮಾಡುವುದು ಎಂದು ಗಂಡನಿಗೆ ಹೇಳಿಯಾಗಿತ್ತು.

ಮಾವ್ಶಿ ಉಪ್ಪು ಮೆಣಸು ಇಳಿಸಿದರು. ಕ್ಷಮಿಸುವ ಸಾಲು ಬಂತು. ಅವರು ನಿಲ್ಲಿಸಿದರು. ನಾನು ಬಾಯಿ ಬಿಡಲಿಲ್ಲ.

“ಹೇಳು ಮಗಾ.”

“ಆಗುವುದಿಲ್ಲ. ಮೊದಲು ಯಾರ ಕಣ್ಣು ಅಂತ ಹೇಳಿ.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. ನಮ್ಮ ಅಂಗಳದಲ್ಲಿ ಅಕ್ಕ ನನ್ನದೇ ಬಟ್ಟೆಗಳನ್ನು ಒಣಹಾಕುತ್ತಿದ್ದಳು. ಅದನ್ನೂ ನೋಡಿದರು. ಆಮೇಲೆ ಮುಷ್ಟಿಯಲ್ಲಿದ್ದದ್ದನ್ನು ಒಲೆಗೆ ಎಸೆದರು. ಘಾಟು ಬಂತೋ ಇಲ್ಲವೋ ನನಗೆ ನೆನಪಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವರು ಹೇಳಿದರು:

“ನನ್ನದೇ.”

“ಎಂತ?”

“ನನ್ನದೇ ಕಣ್ಣು ಮಗಾ. ನೀನು ಹೊಟ್ಟೆ ಹೊತ್ತುಕೊಂಡು ಪೂಜೆಗೆ ಹೋಗುವಾಗ ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಯಾರದ್ದೂ ಅಲ್ಲ. ಈಗ ಆ ಸಾಲು ಹೇಳುವುದಾದರೆ ಹೇಳು, ಇಲ್ಲವಾದರೆ ಬಿಡು.”

ಹೇಳಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಬೈದು ಎದ್ದು ಬಂದೆ. ಆದರೆ ಆ ರಾತ್ರಿ ಅಕ್ಕ ಬಡಿಸಿದ್ದನ್ನು ಹೊಟ್ಟೆ ತುಂಬ ಉಂಡೆ. ಬೇರೆ ಮನೆಯ ಮಾತು ಅಲ್ಲಿಗೇ ನಿಂತಿತು. ಮುಂದೆ ಮಗಳು ಹುಟ್ಟಿದಾಗ ಅವಳಿಗೆ ಎಣ್ಣೆ ಹಚ್ಚಿ ಮೀಯಿಸಿದ್ದು ಅಕ್ಕ, ಜ್ವರ ಬಂದರೆ ನಿದ್ದೆಗೆಟ್ಟದ್ದು ಅಕ್ಕ. ಶಾಲೆಗೆ ಹೋಗುವವರೆಗೂ ಮಗಳು ನಮ್ಮಿಬ್ಬರನ್ನೂ ಅಮ್ಮ ಎಂದೇ ಕರೆಯುತ್ತಿದ್ದಳು.

ಮಾವ್ಶಿಯನ್ನು ಮಾತ್ರ ಮಗುವಿಗೆ ಹೆಸರಿಡುವ ಜ್ಞಾನಸ್ನಾನಕ್ಕೂ ಕರೆಯಲಿಲ್ಲ. ಅವರು ಬೇಲಿಯ ಹತ್ತಿರ ಬಂದರೆ ಮಗುವಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದೆ. ಅವರಿಗೆ ಅದು ಕಾಣುತ್ತಿತ್ತು. ತಾವೇ ಮುಖ ತಿರುಗಿಸಿ ಬಾವಿಕಟ್ಟೆಯ ಕಡೆ ಹೋಗಿಬಿಡುತ್ತಿದ್ದರು. ಇಗರ್ಜಿಯಲ್ಲಿ ಅವರ ಬೆಂಚಿನಲ್ಲಿ ಅವರೊಬ್ಬರೇ. ಪಾಪನಿವೇದನೆಗೆ ನಿಂತವರ ಸಾಲಿನಲ್ಲಿ ಅವರನ್ನು ಪದೇ ಪದೇ ಕಂಡು, ಇಷ್ಟು ಪಾಪ ಎಲ್ಲಿಂದ ತರುತ್ತಾರಪ್ಪ ಎಂದು ನಾವು ಹೆಂಗಸರು ಕಣ್ಣುಸನ್ನೆ ಮಾಡಿಕೊಳ್ಳುತ್ತಿದ್ದೆವು.

ಹೋದ ವರ್ಷ ಮಾವ್ಶಿ ತೀರಿಕೊಂಡರು. ಮಣ್ಣಿಗೆ ಬಂದವರು ಕಮ್ಮಿ. ಹಿಡಿ ಮಣ್ಣು ಹಾಕಿ ಸಿಮೆತ್ರಿಯ ಗೇಟಿನಲ್ಲಿ ಅಕ್ಕನಿಗೆ ಕಾಯುತ್ತಾ ನಿಂತಿದ್ದಾಗ ಬೇಕರಿಯವರ ಹೆಂಡತಿ ನನ್ನ ಕಿವಿಯ ಹತ್ತಿರ ಬಂದರು.

“ಸತ್ತವರ ಬಗ್ಗೆ ಹೇಳಬಾರದು. ಆದರೆ ಕಣ್ಣು ಭಾರಿ ಕೆಟ್ಟದು. ನಮ್ಮ ಹುಡುಗನಿಗೆ ಫಿಟ್ಸ್ ಬರುತ್ತಿತ್ತಲ್ವಾ? ನಾದಿನಿಯದ್ದೇ ದೃಷ್ಟಿ ಅಂತ ನಾನು ಗ್ರಹಿಸಿದ್ದೆ. ಕೇಳಿದರೆ ಇವರದ್ದೇ! ಇವರೇ ಒಪ್ಪಿಕೊಂಡರು.”

ಪಕ್ಕದಲ್ಲಿದ್ದ ನಿವೃತ್ತ ಟೀಚರು ಕೊಡೆ ಮಡಚುತ್ತಿದ್ದವರು ಕೈ ನಿಲ್ಲಿಸಿದರು. “ನಿಮ್ಮ ಹತ್ತಿರವೂ ಹೇಳಿದ್ದರಾ? ಮಗಳ ಸಂಬಂಧ ತಪ್ಪಿದಾಗ ನಾನು ಸೊಸೆಯ ಮೇಲೆ ಸಂಶಯಪಟ್ಟಿದ್ದೆ. ಆಗ ನನಗೂ ಇದೇ ಮಾತು ಹೇಳಿದ್ದರು.”

“ಅಯ್ಯೋ ದೇವರೇ! ನೋಡಿ, ಎಷ್ಟು ಜನರಿಗೆ ಹಾಕಿದ್ದಾರೆ!” ಎಂದರು ಬೇಕರಿಯವರ ಹೆಂಡತಿ.

ಒಬ್ಬರಿಗೆ ನಾದಿನಿ, ಇನ್ನೊಬ್ಬರಿಗೆ ಸೊಸೆ, ನನಗೆ ಅಕ್ಕ. ಬಂಗುಡೆಯನ್ನೂ ನಂಬದ ಆ ಹೆಂಗಸು ನಮ್ಮ ಒಂದೊಂದು ಸಂಶಯವನ್ನೂ ಕಿತ್ತು ತಮ್ಮ ತಲೆಗೆ ಹಾಕಿಕೊಂಡು, ಒಂದು ಲೋಟ ಚಹಾ ಕುಡಿಯಲು ಯಾರೂ ಕರೆಯದ ಹಾಗೆ ಬದುಕಿದ್ದರು. ಅಳು ತಡೆಯಲಾಗಲಿಲ್ಲ. ದೇವರು ನನ್ನ ಪ್ರಾರ್ಥನೆ ಕೇಳುತ್ತಾನೋ ಇಲ್ಲವೋ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಮಾವ್ಶಿ ಕೇಳಿಸಿಕೊಂಡಿದ್ದರು.

ಮನೆಗೆ ನಡೆಯುವಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು. “ಪಾಪ, ಒಂಟಿ ಜೀವ. ಆದರೆ ಅವರ ಕಣ್ಣು ಒಳ್ಳೆಯದಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ?”

“ಅಲ್ಲ. ಹಾಗೆ ಹೇಳಬೇಡಕ್ಕ. ಅದು ಸುಳ್ಳು.”

“ನಿನಗೆ ಹೇಗೆ ಗೊತ್ತು?”

ಅದಕ್ಕೆ ಉತ್ತರ ಕೊಡಬೇಕಾದರೆ ಒಂದು ಕಾಲದಲ್ಲಿ ನಾನು ಯಾರನ್ನು ಸಂಶಯಪಟ್ಟಿದ್ದೆ ಎಂಬುದನ್ನು ಅವಳಿಗೆ ಹೇಳಬೇಕು. ಅದು ಅವಳಿಗೆ ಯಾವತ್ತೂ ತಿಳಿಯಬಾರದೆಂದೇ ಮಾವ್ಶಿ ತಮ್ಮ ಹೆಸರು ಕೆಡಿಸಿಕೊಂಡದ್ದು.

“ಸುಮ್ಮನೆ ಹೇಳಿದೆ,” ಎಂದೆ.