ಮೆಡೂಸಾಳ ತಲೆಗೆ ನೀರು ಹಾಕಿದ್ದು

ಒಲಿಂಪಸ್ ಪರ್ವತದ ಮೇಲೆ ದೇವತೆಗಳ ಬಟ್ಟೆ ಒಗೆಯುವವರು ಯಾರೆಂದು ಪುರಾಣಗಳು ಹೇಳುವುದಿಲ್ಲ. ಸೈಕಲ್ ರಿಪೇರಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವಿನ ಉದ್ದನೆಯ ಕೋಣೆಯಲ್ಲಿ ಮಾತ್ರ ಆ ಕೆಲಸ ಬೀದಿಯವರೆಲ್ಲ ಸ್ವರ್ಗದ ಮಾಮ ಎಂದು ಕರೆಯುವವನದು.

ಅದು ನಾಟಕದ ವೇಷ ಬಾಡಿಗೆಗೆ ಕೊಡುವ ಅಂಗಡಿ. ಸಿಡಿಲೊಡೆಯ ಜೀಯಸನ ಗಡ್ಡ ಅಲ್ಲಿ ಕ್ಲಿಪ್ಪಿಗೆ ಸಿಕ್ಕಿ ತಂತಿಯಲ್ಲಿ ತೂಗಾಡುತ್ತಿತ್ತು. ಬೆಟ್ಟ ಪುಡಿಮಾಡುವ ಥಾರ್‌ನ ಸುತ್ತಿಗೆ ಥರ್ಮಾಕೋಲಿನದು. ಫ್ಯಾನ್ ಹಾಕಿದರೆ ಕಪಾಟಿನಿಂದ ಹಾರಿಬೀಳುತ್ತಿತ್ತು. ಈಜಿಪ್ಟಿನ ನರಿಮುಖದ ಅನೂಬಿಸ್ ಸತ್ತವರ ಹೃದಯ ತೂಗುವ ಕೆಲಸ ಬಿಟ್ಟು ಮಾಮನ ಕೊಡೆ ಹಿಡಿದು ಮೂಲೆಯಲ್ಲಿ ನಿಂತಿದ್ದ.

ಮಾಮ ಇಪ್ಪತ್ತೊಂಬತ್ತು ವರ್ಷ ಸಮವಸ್ತ್ರದ ಕಾರ್ಖಾನೆಯಲ್ಲಿ ಬರೀ ಕಾಲರ್ ಹೊಲಿದವನು. ನಿವೃತ್ತನಾಗಿ ಹೆಂಡತಿಯ ಅಂಗಡಿ ಸೇರಿದ. ಅಂಗಡಿ ಅವಳದು, ಕಾನೂನೂ ಅವಳದು: ಕುತ್ತಿಗೆಯಿಂದ ಕೆಳಗೆ ಅವನದು, ಮೇಲೆ ಅವಳದು. ನಿಲುವಂಗಿ, ರೆಕ್ಕೆ, ಪಾದರಕ್ಷೆ ಅವನು ಒಗೆಯಬೇಕು, ಒರೆಸಬೇಕು. ಕಿರೀಟ, ಮುಖವಾಡ, ಕೂದಲಿಗೆ ಕೈ ಹಚ್ಚುವಂತಿಲ್ಲ. ಇಡೀ ಜನ್ಮ ಕುತ್ತಿಗೆಯವರೆಗೆ ಬಂದು ನಿಂತ ಮನುಷ್ಯ ಇಲ್ಲೂ ಅಲ್ಲಿಗೇ ನಿಂತ. ಆರು ವರ್ಷದಿಂದ ಒಂದೇ ಒಂದು ತಲೆಗಾಗಿ ಬೇಡುತ್ತಿದ್ದ. ದೊಡ್ಡ ದೇವರದ್ದೇ ಆಗಬೇಕೆಂದಿಲ್ಲ, ದೂತ ಹರ್ಮಿಸನ ಟೋಪಿಯಾದರೂ ಸಾಕು. ಅವಳು "ನೋಡೋಣ" ಎನ್ನುತ್ತಿದ್ದಳು. ಮದುವೆಯಾದವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಅಕ್ಕನ ಕಣ್ಣಿನ ಆಪರೇಷನ್ನಿಗೆಂದು ಅವಳು ಒಂದು ವಾರ ಹೊರಟಳು. ಶನಿವಾರ ಸಂಜೆ ಶಾಲೆಯ ಟೀಚರಮ್ಮ ಬಂದು ಮೆಡೂಸಾಳನ್ನು ಒಯ್ಯುತ್ತಾರೆ, ತೆಗೆದುಕೊಟ್ಟರೆ ಸಾಕು, ಬೇರೇನೂ ಮಾಡಬೇಡಿ ಎಂದು ಎರಡು ಸಲ ಹೇಳಿದಳು. ಮೆಡೂಸಾ ಎಂದರೆ ತಲೆಯಲ್ಲಿ ಕೂದಲ ಬದಲು ಹಾವುಗಳಿರುವ, ನೋಟದಿಂದಲೇ ಜನರನ್ನು ಕಲ್ಲಾಗಿಸುವ ಮಹಾತಾಯಿ. ಹೆಂಡತಿ ಇಪ್ಪತ್ತೊಂದು ಹಾವುಗಳನ್ನು ಬನಿಯನ್ ಬಟ್ಟೆಯಲ್ಲಿ ಹೊಲಿದು ಮಾಡಿದ ತಲೆ ಅದು.

ಭಾನುವಾರ ಮಾಮ ಅದನ್ನು ಕೆಳಗಿಳಿಸಿದ. ಹೆಡೆಗಳ ಮೇಲೆ ಧೂಳು. ಒಂದರ ಮೂತಿಗೆ ಯಾವ ನಟಿಯೋ ಚೆಲ್ಲಿದ ಚಹಾ. ಲೋಟ ತೊಳೆದಷ್ಟು ಶುಭ್ರವಾಗಿ ಇದನ್ನು ತೊಳೆದಿಟ್ಟರೆ ತಲೆಗಳ ಅಧಿಕಾರ ತನಗೆ ಸಿಕ್ಕಂತೆಯೇ ಎಂದು ಲೆಕ್ಕ ಹಾಕಿದ. ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಹಾಕಿದ. ಬಣ್ಣ ಮಾಸಬಾರದೆಂದು ಬಿಸಿಲಿಗೆ ಹಾಕದೆ ಒದ್ದೆ ಟವೆಲ್ ಸುತ್ತಿ ನೆರಳಿನಲ್ಲಿಟ್ಟ. ಹಾವುಗಳು ಭಾರವಾಗಿ ಓಲಾಡಲೆಂದು ಹೆಂಡತಿ ಒಳಗೆ ಗೋಧಿ ತುಂಬಿದ್ದು ಅವನಿಗೆ ಹೇಗೆ ತಿಳಿಯಬೇಕು? ಅದು ಕುತ್ತಿಗೆಯ ಮೇಲಿನ ವಿಷಯ.

ಬುಧವಾರ ಒಂದು ಹಾವಿನ ಕಿವಿಯಲ್ಲಿ ಬಿಳಿ ಎಳೆ ಕಂಡಿತು. ಹಾವಿಗೆ ಕಿವಿಯಿಲ್ಲವೆಂದು ಆಮೇಲೆ ಹೊಳೆದು, ಅದು ಹೊಲಿಗೆಯ ಸಂದು ಎಂದು ಗೊತ್ತಾಯಿತು. ಗುರುವಾರ ಇಪ್ಪತ್ತೊಂದು ಹಾವುಗಳೂ ಹಸಿರಾಗಿ ಮೊಳೆತು ನಿಂತವು. ಮಾಮ ಕತ್ತರಿ ತೆಗೆದುಕೊಂಡು ನುಣ್ಣಗೆ ಕತ್ತರಿಸಿದ. ಶುಕ್ರವಾರ ಮತ್ತೆ ಬೆಳೆದವು. ಒಂದು ತಲೆ ಕಡಿದರೆ ಎರಡು ಹುಟ್ಟುವ ಹೈಡ್ರಾ ಸರ್ಪದ ಮುಂದೆ ವೀರ ಹರ್ಕ್ಯುಲಿಸ್ ಕೂಡ ಹೀಗೇ ಬೆವತಿದ್ದನಂತೆ. ಕಡಿದ ಜಾಗ ಸುಡಲು ಅವನು ಕೊನೆಗೆ ಪಂಜು ಹಿಡಿದ. ಮಾಮ ಇಸ್ತ್ರಿಪೆಟ್ಟಿಗೆ ಹಿಡಿದ. ಅಂಗಡಿಯ ತುಂಬ ಹುರಿದ ಗೋಧಿಯ ಘಮ ಬಂತೇ ಹೊರತು ಬೆಳೆ ಬಗ್ಗಲಿಲ್ಲ.

ಶನಿವಾರ ಬೆಳಿಗ್ಗೆ, ಹೇಳಿದ್ದಕ್ಕಿಂತ ಮೊದಲೇ, ಹೆಂಡತಿ ಬಂದಳು. ತಪ್ಪನ್ನು ಇಲಿಗಳ ಮೇಲೆ ಹಾಕೋಣವೆಂದು ಮಾಮ ಮೂರು ದಿನದಿಂದ ಯೋಚಿಸಿದ್ದ. ಆದರೆ ಇಲಿ ಬೇಸಾಯ ಮಾಡುವುದಿಲ್ಲ. ಟವೆಲ್ ಸರಿಸಿ, "ನಾನೇ ನೀರು ಹಾಕಿದ್ದು. ಇನ್ಮೇಲೆ ತಲೆ ಕೇಳಲ್ಲ" ಎಂದ.

ಅವಳು ನೋಡಿದಳು. ಅವನು ಕಲ್ಲಾದ. ಮೆಡೂಸಾ ಯಾರೆಂಬುದರಲ್ಲಿ ಅವನಿಗೆ ಆ ಗಳಿಗೆ ಸಂಶಯ ಉಳಿಯಲಿಲ್ಲ.

"ಟೀಚರಮ್ಮ ಎಷ್ಟೊತ್ತಿಗೆ ಬರ್ತಾರೆ?"

"ಐದಕ್ಕೆ."

ಅವಳು ಹಸಿರು ಹಾವುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟು, ಹಳೆಯ ಬನಿಯನ್‌ಗಳ ಗಂಟು ಇಳಿಸಿ, ಸೂಜಿ ಪೋಣಿಸಿ ಅವನ ಮುಂದೆ ಹಿಡಿದಳು. ಮಾಮ ಕೈ ಚಾಚಲಿಲ್ಲ.

"ಇದು ಕುತ್ತಿಗೆಯಿಂದ ಮೇಲಲ್ವೇನೇ?"

"ಹಾವಿಗೆ ಎಲ್ಲಿಂದ ಬರಬೇಕು ರೀ ಕುತ್ತಿಗೆ? ಹೊಲೀರಿ. ಈ ಸಲ ಮರಳು ತುಂಬಿಸೋಣ. ನಿಮ್ಮನ್ನ ನಂಬಕ್ಕಾಗಲ್ಲ."

ಕಾಲರ್ ಹೊಲಿದ ಕೈ. ಹಾವುಗಳು ನೇರವಾಗಿ, ಶಿಸ್ತಾಗಿ, ಅಂಚು ಮಡಚಿ ಹುಟ್ಟಿದವು. ಐದು ಗಂಟೆಗೆ ಟೀಚರಮ್ಮ ಬಂದು, ಇಷ್ಟು ಮರ್ಯಾದಸ್ಥ ಸರ್ಪಗಳನ್ನು ಎಲ್ಲೂ ಕಂಡಿಲ್ಲವೆಂದು ಹೊಗಳಿ ಒಯ್ದರು.

ಉಳಿದದ್ದು ಆ ಹಸಿರು ರಾಶಿ. ಅದನ್ನು ಹೆಂಡತಿ ಎಸೆಯಲಿಲ್ಲ. ಗ್ರೀಕರ ಧಾನ್ಯದೇವತೆ ಡಿಮೀಟರ್ ಕಿರೀಟವಿಲ್ಲದೆ ಎಷ್ಟೋ ಕಾಲದಿಂದ ಮೇಲಿನ ಕಪಾಟಿನಲ್ಲಿದ್ದಳು. ಅವಳನ್ನು ಇಳಿಸಿ, ಆ ಹಾವುಗಳನ್ನು ತಲೆಗೆ ಸುತ್ತಿ ಕಟ್ಟಿ, ಪೈರಿನ ಕಿರೀಟದ ಆ ತಲೆಯನ್ನು ಕಿಟಕಿಯ ಬಳಿ ಇಟ್ಟಳು.

"ಇದೊಂದು ನಿಮ್ಮದು. ಇದಕ್ಕೆ ಎಷ್ಟು ಬೇಕಾದ್ರೂ ನೀರು ಹಾಕಿ."

ಈ ಸಲ ಬಕೆಟ್ ಬೇಡವೆಂದು ಮಾಮ ಚಮಚ ಹುಡುಕಲು ಹೊರಟ.