ಚಕ್ರದೊಳಗಿನ ಕುಂಕುಮದ ಬೊಟ್ಟು

ಕೊಡಿಗೇಹಳ್ಳಿಯ ಹಳೇ ಊರಿನೊಳಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಏರ್‌ಪೋರ್ಟ್ ರಸ್ತೆ ಕಡೆಯಿಂದ ಬಸ್ಸುಗಳ ಹಾರನ್ ಆಗಲೇ ಶುರುವಾಗಿದೆ. ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಹೆಂಚಿನ ಮನೆಯೊಂದರ ಅಂಗಳದಲ್ಲಿ ಪಟಾಲಮ್ಮ ಬಿಂದಿಗೆ ಹಿಡಿದು ನೀರು ಚಿಮುಕಿಸುತ್ತಿದ್ದಾರೆ. ಆಹಾ, ಸಂಪ್ರದಾಯ ಅಂತ ಕೈ ಮುಗಿಯಲು ಹೋಗಬೇಡಿ. ಇದು ಧೂಳಿಗೆ ಕೊಡುತ್ತಿರುವ ವಾರ್ನಿಂಗ್. ಅಂಗಳದ ಧೂಳು ನೆಲ ಬಿಟ್ಟು ಏಳದಿದ್ದರೆ ಮಾತ್ರ ಪಕ್ಕದ ಕೊಟ್ಟಿಗೆಯಲ್ಲಿ ಬಣ್ಣ ಹೊಡೆಯಬಹುದು. ಹಸಿ ಬಣ್ಣದ ಮೇಲೆ ಒಂದು ಕಣ ಬಂದು ಕೂತರೂ ಎರಡು ದಿನದ ಬೆವರು ನೀರುಪಾಲು.

ಕೊಟ್ಟಿಗೆಯಲ್ಲಿ ಈಗ ಹಸು ಇಲ್ಲ. ಹಸು ಕಟ್ಟುತ್ತಿದ್ದ ಗೂಟಕ್ಕೆ ಕಂಪ್ರೆಸರ್ ಪೈಪು ಸುತ್ತಿದೆ. ನಟ್ಟನಡುವೆ ರಾಗಿ ಬೀಸುವ ಕಲ್ಲು. ಹಿಡಿ ಕಿತ್ತು ಹಾಕಿರುವ ಆ ಕಲ್ಲಿನ ಮೇಲೆ ಟೈರಿನ ಸಮೇತ ಒಂದು ಕಾರಿನ ಅಲಾಯ್ ಚಕ್ರ ಮಲಗಿದೆ. ಅದರ ಮುಂದೆ, ಗಂಡನ ಹಳೇ ಶರಟು ತೊಟ್ಟು, ಸೆರಗನ್ನು ಸೊಂಟಕ್ಕೆ ಸಿಗಿಸಿ ಕುಳಿತವರು ಪಟಾಲಮ್ಮನವರ ಸೊಸೆ ನಾಗಲಕ್ಷ್ಮಿ. ಎಡಗೈಯಿಂದ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ ಬಲಗೈಯಲ್ಲಿ ಒದ್ದೆ ಎಮರಿ ಪೇಪರ್ ಆಡಿಸುತ್ತಿದ್ದಾರೆ. ಫುಟ್‌ಪಾತಿನ ಕಲ್ಲಿಗೆ ಉಜ್ಜಿಸಿಕೊಂಡು ಅಂಚೆಲ್ಲ ಕಿತ್ತುಹೋದ ಚಕ್ರ ಅದು. ನಡುನಡುವೆ ನಾಗಲಕ್ಷ್ಮಿ ಕಣ್ಣು ಮುಚ್ಚುತ್ತಾರೆ, ಅಂಗೈಯಿಂದ ಅಂಚು ಸವರುತ್ತಾರೆ, ಮುಖ ಸಿಂಡರಿಸಿ ಮತ್ತೆ ಉಜ್ಜುತ್ತಾರೆ.

“ಬಿಸಿಲು ಬರೋವರ್ಗೂ ಉಜ್ಜೋದೇ ಕೆಲ್ಸ. ಈ ತಂಡೀಲಿ ಸ್ಪ್ರೇ ಗನ್ ಹಿಡಿದ್ರೆ ಮೇಲ್ಗಡೆ ಕ್ಲಿಯರ್ ಕೋಟು ಹಾಲ್ ಚೆಲ್ದಂಗೆ ಬೆಳ್ಳಗಾಗ್ಬಿಡುತ್ತೆ” ಅನ್ನುತ್ತಾರೆ.

ಟೈರಿಗೂ ಚಕ್ರಕ್ಕೂ ನಡುವಿನ ಸಂದಿಯಲ್ಲಿ ಸುತ್ತಲೂ ರಟ್ಟಿನ ಚೂರುಗಳು ಎದ್ದು ನಿಂತಿವೆ. ಬಣ್ಣ ಟೈರಿಗೆ ಹಾರದಿರಲಿ ಎಂದು ಸಿಕ್ಕಿಸಿರುವುದು. ಬಗ್ಗಿ ನೋಡಿದರೆ ಒಂದರಲ್ಲಿ ಗಣಪತಿ, ಇನ್ನೊಂದರಲ್ಲಿ ‘ಚಿ. ಸೌ.’, ಮತ್ತೊಂದರಲ್ಲಿ ಯಾವುದೋ ಕಲ್ಯಾಣ ಮಂಟಪದ ವಿಳಾಸ. ಎಲ್ಲವೂ ಹಳೇ ಲಗ್ನಪತ್ರಿಕೆಗಳು!

“ದುಡ್ಡಿರೋರ ಮನೆ ಕಾರ್ಡೇ ಬೇಕು ಇದಕ್ಕೆ” ಎಂದು ನಾಗಲಕ್ಷ್ಮಿ ನಗುತ್ತಾರೆ. “ಬಡವರ ಮನೇದು ತೆಳು, ಒಂದೇ ಸಲಕ್ಕೆ ಮುದುರ್ಕೊಳ್ಳುತ್ತೆ. ನಮ್ ದೊಡ್ಡಮಾವನ ಮಗಳ ಮದುವೆ ಕಾರ್ಡ್ ಇತ್ತಲ್ಲ, ಅದಂತೂ ಪ್ಲೈವುಡ್ಡು. ಇನ್ನೂ ಬರ್ತಿದೆ.”

ಈ ದೊಡ್ಡಮಾವ ಯಾರು ಅಂತೀರಾ? ಇರಿ, ಎಂಟ್ರಿ ಇದೆ.

ಒಂದು ಕಾರಿನ ನಾಲ್ಕು ಚಕ್ರಕ್ಕೆ ಎರಡು ದಿನ ಬೇಕು. ಉಜ್ಜಬೇಕು, ಗುಳಿಗಳಿಗೆ ಪುಟ್ಟಿ ತುಂಬಬೇಕು, ಮತ್ತೆ ಉಜ್ಜಬೇಕು, ಪ್ರೈಮರ್, ಬಣ್ಣ, ಕೊನೆಗೆ ಹೊಳಪಿನ ಕ್ಲಿಯರ್ ಕೋಟು. ಸೀಳು ಬಿಟ್ಟ ಚಕ್ರ ಬಂದರೆ ಮಾತ್ರ ಬಾಗಿಲಲ್ಲೇ ವಾಪಸ್. “ಬಣ್ಣ ಹೊಡ್ದು ಸೀಳು ಮುಚ್ಚು ಅಂತಾರೆ. ಹೆಬ್ಬಾಳ ಫ್ಲೈಓವರ್ ಮೇಲೆ ಅದು ಬಾಯ್ ಬಿಟ್ರೆ ನನ್ ಬಣ್ಣ ಹೋಗಿ ಹಿಡ್ಕೊಳ್ಳುತ್ತಾ?” ಎಂಬ ಒಂದೇ ಪ್ರಶ್ನೆಗೆ ಎಂಥವರೂ ಚಕ್ರ ಎತ್ತಿಕೊಂಡು ಹೊರಡುತ್ತಾರೆ.

ಆದರೆ ಉತ್ತರ ಬೆಂಗಳೂರಿನ ಎಷ್ಟೋ ಕಾರುಗಳು ಇವರು ಹೊಳಪು ಕೊಟ್ಟ ಚಕ್ರಗಳ ಮೇಲೆ ಓಡಾಡುತ್ತಿದ್ದರೂ ಅವುಗಳ ಮಾಲೀಕರಿಗೆ ಇವರ ಹೆಸರೇ ಗೊತ್ತಿಲ್ಲ. ಮೇನ್ ರೋಡಿನ ಟೈರ್ ಅಂಗಡಿ ಗೋಪಿ ಚಕ್ರಗಳನ್ನು ಲಗೇಜ್ ಆಟೋದಲ್ಲಿ ತಂದು ಇಳಿಸುತ್ತಾನೆ, ಆದ ಮೇಲೆ ಒಯ್ಯುತ್ತಾನೆ. ಬರುವಾಗಲೂ ಹೋಗುವಾಗಲೂ ಅವುಗಳ ಮೇಲೆ ಹಳೇ ಬೆಡ್‌ಶೀಟು. ಕಳ್ಳಮಾಲು ಸಾಗಿಸುವವರೂ ಇಷ್ಟು ಅಚ್ಚುಕಟ್ಟಾಗಿ ಮುಚ್ಚುವುದಿಲ್ಲ. ಗಿರಾಕಿ ಕೇಳಿದರೆ ಗೋಪಿಯದು ಒಂದೇ ಡೈಲಾಗು: “ಮಷೀನ್ ಕೆಲ್ಸ ಸಾರ್. ಇಂಪೋರ್ಟೆಡ್ಡು.”

ಈ ಬೆಡ್‌ಶೀಟಿಗೊಂದು ಫ್ಲ್ಯಾಷ್‌ಬ್ಯಾಕ್ ಇದೆ.

ನಾಗಲಕ್ಷ್ಮಿ ಮದುವೆಯಾಗಿ ರಾಜಾನುಕುಂಟೆಯಿಂದ ಈ ಮನೆಗೆ ಬಂದಾಗ ಬೀದಿಗೆ ಮುಖ ಮಾಡಿದ ಇವರ ಅಂಗಡಿಯಲ್ಲಿ ಮನ್ಸೂರ್ ಎಂಬವರು ಬಾಡಿಗೆಗೆ ಇದ್ದರು. ಕಾರುಗಳ ಡೆಂಟಿಂಗ್, ಪೇಂಟಿಂಗ್ ಅವರ ಕಸುಬು. ಟೀ ಕೊಡಲು ಹೋದ ಸೊಸೆ ಲೋಟ ವಾಪಸ್ ತರುವುದನ್ನೇ ಮರೆತು ನಿಂತು ನೋಡುತ್ತಿದ್ದರು. ಒಂದು ದಿನ ಮನ್ಸೂರ್ ನಾಗಲಕ್ಷ್ಮಿ ಕೈಗೇ ಎಮರಿ ಪೇಪರ್ ಕೊಟ್ಟುಬಿಟ್ಟರು. “ಕಣ್ ಮುಚ್ಕೊಂಡ್ ಸವರಿ ನೋಡಮ್ಮ. ಕಣ್ಣು ಸುಳ್ ಹೇಳ್ತದೆ, ಕೈ ಹೇಳಲ್ಲ” ಅಂದರು. ಆ ಮಾತು ಇವತ್ತಿಗೂ ನಾಗಲಕ್ಷ್ಮಿ ಅವರ ಅಂಗೈಯಲ್ಲಿದೆ. ಮನ್ಸೂರ್ ಅಂಗಡಿ ಮಾಕಳಿ ಕಡೆಗೆ ಸಾಗಿಸಿದಾಗ ತಮ್ಮ ಹಳೇ ಸ್ಪ್ರೇ ಗನ್ನನ್ನು ಇವರ ಕೈಗಿಟ್ಟು ಹೋದರು.

ಗನ್ ಬಂದಿತು, ಕೊಟ್ಟಿಗೆ ಖಾಲಿ ಇತ್ತು. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವ ಗಂಡ ಜಗನ್ ತನ್ನ ಕಾರಿನ ಚಕ್ರಗಳನ್ನೇ ಮೊದಲ ಪ್ರಯೋಗಕ್ಕೆ ಕೊಟ್ಟ. ಸ್ಟ್ಯಾಂಡಿನಲ್ಲಿ ಉಳಿದ ಡ್ರೈವರುಗಳು ಬಗ್ಗಿ ಬಗ್ಗಿ ನೋಡಿದರು. ಕೆಲಸ ಬರತೊಡಗಿತು. ನಾಗಲಕ್ಷ್ಮಿ ಒಂದು ತಗಡಿನ ಬೋರ್ಡು ಬರೆಸಿ ಗೇಟಿಗೆ ನೇತುಹಾಕಿದರು: ‘ನಾಗಲಕ್ಷ್ಮಿ ಅಲಾಯ್ ವೀಲ್ ಪೇಂಟಿಂಗ್’.

ಆ ಬೋರ್ಡಿನ ಆಯಸ್ಸು ಒಂದು ಹಗಲು. ಸಂಜೆ ದೊಡ್ಡಮಾವ ಬಂದರು.

ಚಿಕ್ಕಬೈರಪ್ಪ ಅಂದರೆ ಪಟಾಲಮ್ಮನವರ ತೀರಿಹೋದ ಗಂಡನ ಅಣ್ಣ. ಒಂದು ಕಾಲದಲ್ಲಿ ಇದೇ ಊರಲ್ಲಿ ಹೂಕೋಸು ಬೆಳೆಯುತ್ತಿದ್ದವರು, ಈಗ ಬಿಲ್ಡಿಂಗ್ ಬೆಳೆಯುತ್ತಾರೆ. ಗರಿಗರಿ ಬಿಳಿ ಪಂಚೆ, ಬಿಳಿ ಶರಟು, ಬಿಳಿ ದೊಡ್ಡ ಕಾರು. ಹಿನ್ನೆಲೆ ಸಂಗೀತ ಒಂದು ಬಿಟ್ಟರೆ ಎಲ್ಲ ಇದೆ. ಅವರು ಬೋರ್ಡು ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟು ಹೇಳಿದರು:

“ನಮ್ಮನೆ ಸೊಸೆ ಊರೋರ ಕಾರಿನ ಚಕ್ರ ಉಜ್ತಾಳೆ ಅಂತ ಡಂಗೂರ ಒಡೀಬೇಕಾ? ಒಳ್ಗೆ ಕೂತ್ಕೊಂಡು ಏನಾರಾ ಮಾಡ್ಕೊ. ಎಸ್ರು ಮಾತ್ರ ಈಚೆ ಬರ್ಬಾರ್ದು.”

“ಸಗಣಿ ಬಾಚ್ದಾಗ ಓಗ್ದಿರೋ ಮಾನ ಬಣ್ಣ ಒಡುದ್ರೆ ಓಯ್ತದಾ ಭಾವ?” ಎಂದು ಪಟಾಲಮ್ಮ ಅಂದೇ ಕೇಳಿದ್ದರು. ಟಾಕೀಸಿನ ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ಬೀಳಬೇಕಾದ ಡೈಲಾಗು. ಆದರೆ ಮನೆಯಲ್ಲಿ ಶಿಳ್ಳೆ ಹೊಡೆಯುವವರು ಇರಲಿಲ್ಲ. ದೊಡ್ಡವರ ಮಾತು ಗೆದ್ದಿತು, ಬೆಡ್‌ಶೀಟು ಬಂದಿತು. ಬೋರ್ಡು ಬೀಸುವ ಕಲ್ಲಿನ ಹಿಂದೆ ಗೋಡೆಗೆ ಬಣ್ಣ ಹಾರದಂತೆ ಅಡ್ಡ ನಿಂತಿತು. ವರ್ಷಗಟ್ಟಲೆ ಅದರ ಮೇಲೆ ಬೂದು, ಬೆಳ್ಳಿ, ಕಪ್ಪು ಬಣ್ಣ ಹಾರಿ ಹಾರಿ ನಾಗಲಕ್ಷ್ಮಿ ಅನ್ನುವ ಹೆಸರೇ ಒಳಗೆ ಹೂತುಹೋಯಿತು.

“ಕೆಲ್ಸಕ್ಕೆ ನಾಚ್ಕೆ ಇಲ್ಲ ಸ್ವಾಮಿ ನಂಗೆ” ಅನ್ನುತ್ತಾರೆ ನಾಗಲಕ್ಷ್ಮಿ, ಎಮರಿ ಪೇಪರನ್ನು ನೀರಿಗೆ ಅದ್ದುತ್ತಾ. “ನಾಚ್ಕೆ ಬೆಡ್‌ಶೀಟಿಂದು. ಒಳ್ಳೆ ಕೆಲ್ಸ ಮಾಡಿ, ತಪ್ ಮಾಡ್ದೋರ್ ಥರ ಮುಚ್ಚಿಟ್ಟು ಕಳ್ಸೋದಿದ್ಯಲ್ಲ, ಅದು ಚುಚ್ಚುತ್ತೆ.”

ಹೆಸರು ಹೊರಗೆ ಬರಬಾರದು, ಸರಿ. ಆದರೆ ಒಳಗೆ ಇರಬಾರದು ಅಂತ ಯಾರೂ ಹೇಳಿರಲಿಲ್ಲವಲ್ಲ! ಅದಕ್ಕೆ ದಾರಿ ತೋರಿಸಿದ್ದು ಪಟಾಲಮ್ಮನವರು ಮಾಡಿದ ಒಂದು ಎಡವಟ್ಟು.

ಅದೊಂದು ಆಯುಧ ಪೂಜೆ. ಮಧ್ಯಾಹ್ನವಷ್ಟೇ ಕ್ಲಿಯರ್ ಹೊಡೆದ ನಾಲ್ಕು ಚಕ್ರಗಳು ಕೊಟ್ಟಿಗೆಯಲ್ಲಿ ಒಣಗುತ್ತಿದ್ದವು. ಕುಡುಗೋಲು, ಒರಳು, ಕಂಪ್ರೆಸರ್ ಎಲ್ಲಕ್ಕೂ ಪೂಜೆ ಮಾಡಿದ ಪಟಾಲಮ್ಮ, ಚಕ್ರಗಳನ್ನು ಬಿಟ್ಟರೆ ದೇವರು ಮುನಿದಾನು ಎಂದು ಅವಕ್ಕೂ ವಿಭೂತಿ ಎಳೆದು ಕುಂಕುಮ ಇಟ್ಟರು. ಭಕ್ತಿ ಭದ್ರವಾಗಿ ಅಂಟಿಕೊಂಡಿತು. ಥಿನ್ನರ್ ಹಾಕಿ ಒರೆಸಿದರೆ ಬಣ್ಣವೇ ಕಿತ್ತು ಬಂದಿತು. ಸೊಸೆ ತಲೆ ಮೇಲೆ ಕೈ ಹೊತ್ತು, ಮುಂಭಾಗವನ್ನೆಲ್ಲ ಮತ್ತೆ ಉಜ್ಜಿ ಹೊಸದಾಗಿ ಬಣ್ಣ ಹೊಡೆದರು. ಆದರೆ ಸ್ಪೋಕುಗಳ ಸಂದಿಯಿಂದ ಒಳಗೆ ಬಿದ್ದ ಕುಂಕುಮ ಒಂದು ಚಕ್ರದ ಒಳಮೈಯಲ್ಲಿ ಚುಕ್ಕೆಯಾಗಿ ಉಳಿದುಬಿಟ್ಟಿತ್ತು. ಚಕ್ರ ಹಾಗೇ ಹೋಯಿತು. ಯಾರೂ ಏನೂ ಕೇಳಲಿಲ್ಲ.

ಆದರೆ ಸಿಗ್ನಲ್ಲಿನಲ್ಲಿ ನಿಂತ ಆ ಕಾರನ್ನು ನೋಡಿದಾಗ ನಾಗಲಕ್ಷ್ಮಿಗೆ ಒಳಗೊಳಗೇ ಖುಷಿ. “ಅಷ್ಟು ಟ್ರಾಫಿಕ್‌ನಲ್ಲಿ ಅದೊಂದು ನಂದು ಅಂತ ನಂಗೊಬ್ಳಿಗೇ ಗೊತ್ತು!” ಅವತ್ತಿನಿಂದ ಪ್ರತಿ ಚಕ್ರಕ್ಕೂ ಕ್ಲಿಯರ್ ಹೊಡೆಯುವ ಮೊದಲು ಉಂಗುರದ ಬೆರಳಿನಿಂದ ಒಳಮೈಗೆ ಒಂದು ಕುಂಕುಮದ ಬೊಟ್ಟು. ಕ್ಲಿಯರ್ ಅದರ ಮೇಲೆ ಕೂತರೆ ಮಳೆಗೂ ಹೋಗದು, ವಾಟರ್ ವಾಶಿಗೂ ಹೋಗದು.

ಈಗ ಕಥೆ ಕ್ಲೈಮ್ಯಾಕ್ಸಿಗೆ ಬರುತ್ತದೆ.

ಕಳೆದ ತಿಂಗಳು ಚಿಕ್ಕಬೈರಪ್ಪನವರ ಬಿಳಿ ಕಾರು ಇದೇ ಬೀದಿಯ ಚರಂಡಿ ಚಪ್ಪಡಿಗೆ ಉಜ್ಜುವುದನ್ನು ನಾಗಲಕ್ಷ್ಮಿ ಗೇಟಿನಲ್ಲಿ ನಿಂತೇ ನೋಡಿದ್ದರು. ಮಾರನೇ ದಿನ ಗೋಪಿಯ ಬೆಡ್‌ಶೀಟು ಸರಿಸಿದರೆ ನಾಲ್ಕರಲ್ಲಿ ಒಂದು ಚಕ್ರಕ್ಕೆ ಅದೇ ಗಾಯ! ವಾಪಸ್ ಕಳಿಸಬಹುದಿತ್ತು. ಕಳಿಸಲಿಲ್ಲ. ಮಾಮೂಲಿಗಿಂತ ಒಂದು ಕೈ ಹೆಚ್ಚೇ ಉಜ್ಜಿದರು.

ಅದಾಗಿ ಒಂದು ಭಾನುವಾರ ಚಿಕ್ಕಬೈರಪ್ಪ ಹೊಸ ಬಿಲ್ಡಿಂಗಿನ ಗೃಹಪ್ರವೇಶಕ್ಕೆ ಕರೆಯಲು ಬಂದರು. ಗೋಪಿಯೂ ಅಲ್ಲೇ ಚಕ್ರ ಇಳಿಸುತ್ತಿದ್ದ. ದೊಡ್ಡಮಾವ ಕಾರಿನಿಂದ ಇಳಿದವರೇ ಚಪ್ಪಲಿ ತುದಿಯಿಂದ ತಮ್ಮ ಚಕ್ರ ತೋರಿಸಿದರು.

“ನೋಡವ್ವ, ಕೆಲ್ಸ ಅಂದ್ರೆ ಇದು. ಸೋರೂಮಿಂದ ಬಂದಾಗ್ಲೂ ಇಂಗೆ ಒಳೀತಿರ್ಲಿಲ್ಲ. ಮಷೀನ್‌ನಾಗೆ ಮಾಡ್ಸವ್ನೆ ಗೋಪಿ. ನೀನೂ ಇದ್ದೀಯ, ಉಜ್ಜದೇ ಬಂತು.”

ಗೋಪಿಗೆ ಇದ್ದಕ್ಕಿದ್ದಂತೆ ಫೋನು ನೋಡುವ ಅರ್ಜೆಂಟು ಬಂದಿತು.

“ಯಾವ ಮಷೀನೋ ಗೋಪಿ?” ಎಂದರು ನಾಗಲಕ್ಷ್ಮಿ.

“ಅಕ್ಕಾ... ಅದು... ಇಂಪೋರ್ಟೆಡ್ಡು...”

“ಹೂಂ, ಇಂಪೋರ್ಟೆಡ್ಡೇ. ರಾಜಾನುಕುಂಟೆಯಿಂದ ಬಂದಿರೋದು.” ತಮ್ಮ ಮೊಬೈಲಿನ ಟಾರ್ಚ್ ಹಾಕಿ ಮಾವನ ಕೈಗಿಟ್ಟರು. “ದೊಡ್ಡಮಾವ, ಸ್ವಲ್ಪ ಬಗ್ಗಿ. ಸ್ಪೋಕಿನ ಸಂದೀಲಿ ಬೆಳಕ್ ಬಿಟ್ಟು ನೋಡಿ.”

ಊರಲ್ಲಿ ಯಾರಿಗೂ ಬಗ್ಗದ ಚಿಕ್ಕಬೈರಪ್ಪ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತರು. ಮೊದಲ ಚಕ್ರದೊಳಗೆ ಒಂದು ಕೆಂಪು ಬೊಟ್ಟು. ಎದ್ದು ಎರಡನೇದಕ್ಕೆ ಹೋದರು. ಅಲ್ಲೂ ಇತ್ತು. ಮೂರು, ನಾಲ್ಕು. ಕಾರಿಗೆ ಒಂದು ಪೂರ್ತಿ ಪ್ರದಕ್ಷಿಣೆ ಆಯಿತು.

“ನೀನೇ ಮಾಡಿದ್ದು ಅಂತ ಆಗ್ಲೇ ಬಾಯ್ಬಿಟ್ಟು ಏಳ್ಬಾರ್ದಾಗಿತ್ತಾ?”

“ಹೆಸ್ರು ಈಚೆ ಬರ್ಬಾರ್ದು ಅಂದೋರು ನೀವೇ ಅಲ್ವಾ ಮಾವ? ಅದಕ್ಕೇ ಒಳ್ಗೇ ಇಟ್ಟಿದೀನಿ. ನಿಮ್ ಮಗಳ ಮದುವೆ ಕಾರ್ಡೇ ಸಿಕ್ಸಿ ಬಣ್ಣ ಹೊಡ್ದಿರೋದು. ಬೇರೆಯೋರ್ದು ಹಾಕಿಲ್ಲ.”

ಗೋಪಿ ನಗು ತಡೆಯಲಾಗದೆ ಟೈರಿನ ಹಿಂದೆ ಕೂತುಬಿಟ್ಟ. ಚಿಕ್ಕಬೈರಪ್ಪ ಕೈ ಝಾಡಿಸಿಕೊಂಡು ಎದ್ದು ಪಂಚೆ ಇಳಿಬಿಟ್ಟರು. ಅಷ್ಟು ಸುಲಭಕ್ಕೆ ಸೋಲುವ ಪಾರ್ಟಿ ಅಲ್ಲ.

“ಕೆಲ್ಸ ಚೆನ್ನಾಗೈತೆ, ಇಲ್ಲ ಅನ್ನಕಿಲ್ಲ. ಆದ್ರೂ ಬೋರ್ಡು ಬ್ಯಾಡ.”

ನಾಗಲಕ್ಷ್ಮಿ ಸುಮ್ಮನಿರುವ ದಿನ ಅದಾಗಿರಲಿಲ್ಲ. “ಹಂಗಾದ್ರೆ ಚಕ್ರ ಬಿಚ್ಚಿಟ್ಟು ಹೋಗಿ ಮಾವ. ನನ್ ಹೆಸ್ರು ಗೇಟಲ್ಲಿದ್ರೆ ನಿಮ್ಗೆ ಅವಮಾನ ಅಂದ್ರೆ, ನಿಮ್ ಕಾರಲ್ಲಿದ್ರೂ ಅವಮಾನನೇ ಅಲ್ವಾ? ಎರಡ್ರಲ್ಲಿ ಒಂದ್ ಮಾತ್ ಹೇಳಿ.”

ಒಳಗೆ ಹೋಗಿದ್ದ ಪಟಾಲಮ್ಮ ಬರಿಗೈಯಲ್ಲಿ ಬರಲಿಲ್ಲ. ಕೊಟ್ಟಿಗೆಯಿಂದ ಜಾಕು ಎಳೆದು ತಂದು ಭಾವನ ಕಾಲ ಬಳಿ ಧಡ್ ಎಂದು ಇಟ್ಟರು.

“ತಗೋ ಭಾವ. ಬಿಚ್ಚು.”

ಚಿಕ್ಕಬೈರಪ್ಪ ಜಾಕು ನೋಡಿದರು, ಕಾರು ನೋಡಿದರು. ಅತ್ತೆ ಸೊಸೆ ಇಬ್ಬರನ್ನೂ ನೋಡಿದರು. ಆಹ್ವಾನ ಪತ್ರಿಕೆಯನ್ನು ಪಟಾಲಮ್ಮನ ಕೈಗೆ ಕೊಟ್ಟು ಕಾರು ಹತ್ತಿದರು. ನಾಲ್ಕೂ ಬೊಟ್ಟುಗಳು ತಿರುಗಿಕೊಂಡೇ ಗೇಟು ದಾಟಿದವು. ಬೋರ್ಡು ಹಾಕು ಅಂತ ಅವರು ಇವತ್ತಿನವರೆಗೂ ಹೇಳಿಲ್ಲ. ಆದರೆ ಆ ಚಕ್ರಗಳನ್ನೂ ಬಿಚ್ಚಿಸಿಲ್ಲ.

“ಹೇಳ್ಲಿ ಅಂತ ಯಾರ್ ಕಾಯ್ತಾರೆ?” ಎನ್ನುತ್ತಾರೆ ನಾಗಲಕ್ಷ್ಮಿ. ಗೃಹಪ್ರವೇಶದ ಕಾರ್ಡು ಆಗಲೇ ಚೂರಾಗಿ ಬೀಸುವ ಕಲ್ಲಿನ ಮೇಲಿನ ಚಕ್ರಕ್ಕೆ ಸಿಕ್ಕಿಕೊಂಡಿದೆ. “ಇದೂ ಒಳ್ಳೆ ದಪ್ಪ ಇದೆ.”

ಬೆಡ್‌ಶೀಟುಗಳು ಇವತ್ತು ತಂತಿಯ ಮೇಲೆ ಒಗೆದು ಒಣಗುತ್ತಿವೆ. ಇನ್ನು ಅವು ಹಾಸಿಗೆಗೆ. ಗೋಪಿಗೂ ಖಡಕ್ ಆರ್ಡರ್ ಆಗಿದೆ: ಚಕ್ರ ತೆರೆದೇ ಹೋಗಬೇಕು, ಕೇಳಿದವರಿಗೆ ಹೆಸರು ಹೇಳಬೇಕು. ಗೋಡೆಗೆ ಒರಗಿದ್ದ ತಗಡನ್ನು ನಾಗಲಕ್ಷ್ಮಿ ನಿನ್ನೆಯೇ ಉಜ್ಜಿ, ಹಳೇ ಬಣ್ಣವನ್ನೆಲ್ಲ ಪದರ ಪದರವಾಗಿ ಎಬ್ಬಿಸಿ, ಚಕ್ರಕ್ಕೆ ಹೊಡೆಯುವ ಬೆಳ್ಳಿ ಬಣ್ಣವನ್ನೇ ಹೊಡೆದಿದ್ದಾರೆ. ಮೇಲೆ ಕಪ್ಪಿನಲ್ಲಿ ತಮ್ಮ ಹೆಸರನ್ನು ತಾವೇ ಬರೆದಿದ್ದಾರೆ. ‘ಕ್ಷ್ಮಿ’ ಸ್ವಲ್ಪ ಇಳಿಜಾರಾಗಿದೆ. ಪರವಾಗಿಲ್ಲ.

ಬಿಸಿಲು ಅಂಗಳಕ್ಕೆ ಇಳಿಯುತ್ತದೆ. ನಾಗಲಕ್ಷ್ಮಿ ಮಾಸ್ಕ್ ಬಿಗಿದು, ಮೊದಲು ಬೋರ್ಡಿಗೇ ಕೊನೆಯ ಕ್ಲಿಯರ್ ಹೊಡೆದು, ಅಂಚು ಹಿಡಿದು ಒಯ್ದು ಗೇಟಿಗೆ ತಂತಿ ಬಿಗಿಯುತ್ತಾರೆ. ಶಾಲೆಯ ವ್ಯಾನು ಹೋಗುತ್ತಾ ನಿಧಾನಿಸುತ್ತದೆ. ಎದುರು ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಯಾರೋ ಓದಲು ಬಗ್ಗುತ್ತಾರೆ.

ಇನ್ನೊಂದು ತುದಿಗೂ ತಂತಿ ತರಲು ನಾಗಲಕ್ಷ್ಮಿ ಒಳಗೆ ಹೋಗಿ ಬರುವಷ್ಟರಲ್ಲಿ ಪಟಾಲಮ್ಮ ಪೂಜೆ ತಟ್ಟೆಯೊಂದಿಗೆ ಬೋರ್ಡಿನ ಮುಂದೆ ಹಾಜರ್. ಕೈ ಆಗಲೇ ಮೇಲೆ ಹೋಗಿದೆ.

“ಅತ್ತೇ, ಬೇಡ! ಇನ್ನೂ ಒಣಗಿಲ್ಲ...”

ತಡವಾಯಿತು. ಹೆಸರಿನ ತಲೆಯ ಮೇಲೆ ಕಾಸಿನಗಲದ ಕುಂಕುಮ ಹಸಿ ಕ್ಲಿಯರಿನಲ್ಲಿ ಹೂತುಕೊಂಡಿದೆ. ಪಟಾಲಮ್ಮ ನಾಲಿಗೆ ಕಚ್ಚಿಕೊಳ್ಳುತ್ತಾರೆ. ನಾಗಲಕ್ಷ್ಮಿಯ ಕೈ ಅಭ್ಯಾಸಬಲದಿಂದ ಒರೆಸುವ ಬಟ್ಟೆಗೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು, ಬೀದಿಯಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾರೆ.

“ಬಿಡಿ ಅತ್ತೆ. ಈ ಸಲ ಮುಂದ್ಗಡೆನೇ ಇರ್ಲಿ.”