ಖಾಲಿ ಶೆಡ್ಡಿನ ಹಸಿರು

ಅಂಕಲಿ ಹತ್ತಿರದ ಒಂದು ನಿಂಬೆಹಣ್ಣಿನ ಶೆಡ್ಡಿಗೆ ನಾನು ಬೂಷ್ಟಿನ ಮಾದರಿ ತರಲು ಹೋಗುತ್ತಿದ್ದೆ. ಕೊಯ್ದ ಹಣ್ಣನ್ನು ಕೊಳೆಸುವ ಹಸಿರು ಬೂಷ್ಟು ಔಷಧಕ್ಕೆ ಇನ್ನೂ ಸಾಯುತ್ತದೆಯೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ಕೊಳೆತ ಹಣ್ಣಿನ ಮೇಲೆ ಹತ್ತಿಯ ಕಡ್ಡಿ ಆಡಿಸಿ, ಅದನ್ನು ಪ್ರಯೋಗಾಲಯದಲ್ಲಿ ಎರಡು ಗಾಜಿನ ತಟ್ಟೆಗಳಿಗೆ ಸವರುತ್ತೇನೆ. ಒಂದರಲ್ಲಿ ಔಷಧ ಬೆರೆತಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಔಷಧದ ತಟ್ಟೆ ಬರಿದಾಗಿ ಉಳಿಯಬೇಕು.

ಆ ಶೆಡ್ಡಿನ ಮಾದರಿಗೆ ಎರಡೂ ತಟ್ಟೆ ಹಸಿರಾದವು. ಯಾವುದು ಯಾವುದೆಂದು ತಿಳಿಯಲು ಅಡಿಗೆ ಅಂಟಿಸಿದ ಚೀಟಿ ನೋಡಬೇಕಾಯಿತು. ಔಷಧವನ್ನು ಇಮ್ಮಡಿ ಮಾಡಿ ಮತ್ತೆ ಇಟ್ಟೆ. ಆಗಲೂ ಬೆಳೆಯಿತು: ಅಂಚಿಗೆ ಬಿಳಿ ಸುತ್ತು, ನಡುವೆ ಹಸಿರು ಪುಡಿ. ಆಮೇಲೆ ಕೈ ಎಷ್ಟು ತೊಳೆದರೂ ಊಟಕ್ಕೆ ಕೂತಾಗ ಆ ಮುಗ್ಗಲು ವಾಸನೆ ಬರುತ್ತಿತ್ತು.

ಶೆಡ್ಡು ನಡೆಸುವ ಅಕ್ಕನಿಗೆ ಹೇಳಲು ಹೋದೆ. ಅವರು ಸುತ್ತಲಿನ ತೋಟಗಳ ಹಣ್ಣು ಕೊಂಡು, ಔಷಧದ ನೀರಿನಲ್ಲಿ ಅದ್ದಿ, ಮುಂಬೈಯ ಒಬ್ಬ ವ್ಯಾಪಾರಿಗೆ ಕಳಿಸುತ್ತಿದ್ದರು. ಹಿಂದಿನ ಲೋಡು ದಾರಿಯಲ್ಲೇ ಕೊಳೆತಿತ್ತು. ಇನ್ನೊಮ್ಮೆ ಹಾಗಾದರೆ ನಿಮ್ಮ ಮಾಲೇ ಬೇಡ ಎಂದು ಆತ ಹೇಳಿಬಿಟ್ಟಿದ್ದ. ಆತನ ಹೊರತು ಅವರಿಗೆ ಬೇರೆ ಗಿರಾಕಿ ಇರಲಿಲ್ಲ.

ಹಣ್ಣು ಅದ್ದುವ ಬ್ಯಾರಲ್ ತೋರಿಸಿದರು. ಪ್ರತಿ ಸಲ ತಳದಲ್ಲಿ ಹಳೆಯ ನೀರು ಒಂದಿಷ್ಟು ಉಳಿಸಿ, ಅದರ ಮೇಲೆ ಹೊಸ ಔಷಧ ಸುರಿಯುತ್ತಾರಂತೆ. ಏಕೆಂದು ಕೇಳಿದೆ.

"ಹಾಲಿಗೆ ಹೆಪ್ಪ ಹಾಕೂದಿಲ್ಲೇನ್ರಿ? ಹಳೇದ ಇದ್ರ ಹೊಸಾದು ಲಗೂ ಜೋರ ಹಿಡೀತೈತಿ. ನಿಮ್ಮ ಸಾಲ್ಯಾಗ ಇದನ್ನ ಕಲಿಸಿಲ್ಲ ಕಾಣಸ್ತೈತಿ," ಎಂದು ನಕ್ಕರು.

ಹಳೆಯ ನೀರಿನಲ್ಲಿ ಔಷಧದ ಬಲ ಕುಗ್ಗುತ್ತದೆ, ಅದರಲ್ಲಿ ಸಾಯದೆ ಉಳಿದ ಬೂಷ್ಟು ಮುಂದಿನ ಪ್ರತಿ ಹಣ್ಣಿಗೂ ಹತ್ತುತ್ತದೆ ಎಂದು ನಿಧಾನವಾಗಿ ತಿಳಿಸಿದೆ. ಅವರ ನಗು ನಿಂತಿತು. ಅಂದೇ ಬ್ಯಾರಲ್ ಬರಿದು ಮಾಡಿಸಿದರು, ಹಣ್ಣು ತುಂಬುವ ಚೀಲಗಳನ್ನು ಸುಡಿಸಿದರು, ಗೋಡೆಗೆ ಸುಣ್ಣ ಬಳಿಸಿದರು. ಇದ್ದ ಹಣ್ಣನ್ನು ಚಿಕ್ಕೋಡಿ ಸಂತೆಯಲ್ಲಿ ಮಾರಿ ಮುಗಿಸಿದರು.

ಮುಂದಿನ ಲೋಡಿಗೆ ಮೊದಲು ಶೆಡ್ಡು ಶುದ್ಧವಾಗಿದೆಯೇ ನೋಡಿ ಹೇಳಬೇಕೆಂದು ನನ್ನನ್ನು ಕರೆಸಿದರು. ಔಷಧ ಬೆರೆಸಿದ ತಟ್ಟೆಗಳನ್ನು ಖಾಲಿ ನೆಲದ ಮೇಲೆ ತೆರೆದಿಟ್ಟು, ಕೊಂಚ ಹೊತ್ತಿಗೆ ಮುಚ್ಚಿ ತಂದೆ. ಕೆಲವು ದಿನಗಳಲ್ಲಿ ಅವುಗಳಲ್ಲಿ ಹಸಿರು ಚುಕ್ಕೆಗಳೆದ್ದವು. ಒಂದನ್ನು ಟೇಪು ಸುತ್ತಿ ಶೆಡ್ಡಿಗೆ ಒಯ್ದು ಅಕ್ಕನಿಗೆ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದರು.

"ಒಳಗ ಹಣ್ಣ ಇಲ್ಲ, ಚೀಲ ಇಲ್ಲ. ಇದೆಲ್ಲಿಂದ ಬಂತ್ರಿ?"

"ಗಾಳ್ಯಾಗ ಐತ್ರಿ, ಅಕ್ಕಾರ."

ಹಣ್ಣು ಕಳಿಸಬಹುದೇ ಎಂದು ಕೇಳಿದರು. ಈಗ ಬೇಡವೆಂದೆ. ಅವರು ಶೆಡ್ಡಿನಲ್ಲೇ ನಿಂತು ವ್ಯಾಪಾರಿಗೆ ಫೋನ್ ಹಚ್ಚಿ, ಈ ಸಲ ಮಾಲು ಬರುವುದಿಲ್ಲವೆಂದು ಮರಾಠಿಯಲ್ಲಿ ಹೇಳಿದರು. ಮಾತಾಡುವಷ್ಟು ಹೊತ್ತೂ ಸೆರಗನ್ನು ಮೂಗಿಗೆ ಒತ್ತಿ ಹಿಡಿದಿದ್ದರು. ನಾನೂ ಉಸಿರು ಬಿಗಿಹಿಡಿದು ನಿಂತಿದ್ದೆ.